ಕೌದಿಯೊಳಗೆ ಸೇರಿಕೊಂಡ ಅಂಗಿ

ತಂಗಿಯ ಕುಬುಸದ ದಿನ, ಅಂದರೆ ಸೀಮಂತದ ದಿನ, ಧಾರವಾಡದ ಮನೆ ತುಂಬ ಜನ. ಒಬ್ಬರು ಕೂಸಿಗೆ ಬೆಳ್ಳಿ ಬಟ್ಟಲು ಕೊಡ್ತೀನಿ ಅಂದರು, ಇನ್ನೊಬ್ಬರು ಕಾಲ್ಗೆಜ್ಜೆ ಅಂದರು. ಹೋಳಿಗೆ ಮೇಲೆ ತುಪ್ಪ ಜಾಸ್ತಿ ಆಗಿತ್ತೋ ಏನೋ, ನಾನು ಎಲ್ಲರಿಗೂ ಕೇಳುವ ಹಾಗೆ, "ನಾ ಕೂಸಿಗೆ ನನ್ನ ಕೈಲೆ ಕೌದಿ ಹೊಲದು ಕೊಡ್ತೇನಿ" ಅಂದುಬಿಟ್ಟೆ. ಕೌದಿ ಅಂದರೆ ಹಳೇ ಬಟ್ಟೆಗಳನ್ನು ಪದರು ಪದರಾಗಿ ಇಟ್ಟು ಕೈಯಲ್ಲಿ ಹೊಲಿಯುವ ಹೊದಿಕೆ.

ಮನೆ ಒಂದು ಕ್ಷಣ ಸುಮ್ಮನಾಯಿತು. ಅವ್ವ ಕೈಯಲ್ಲಿದ್ದ ಸಾರಿನ ಸೌಟು ಇಳಿಸಿ ಕೇಳಿದಳು: "ನೀನಾ? ನಿನಗ ಗುಂಡಿ ಹಚ್ಚಾಕ ಬರ್ತೈತೇನ?"

ಇಂಥ ಮಾತು ಕೇಳಿದ ಮೇಲೆ ಹಿಂದೆ ಸರಿಯೋಕಾಗುತ್ತಾ? ಬೆಂಗಳೂರಿಗೆ ವಾಪಸ್ ಬರುವಾಗ ನನ್ನ ಚೀಲದಲ್ಲಿ ಅಜ್ಜಿಯ ಎರಡು ಹಳೇ ಇಳಕಲ್ಲ ಸೀರೆ, ಅಪ್ಪನ ಒಂದು ಧೋತರ ಇದ್ದವು. ಅಜ್ಜಿಯ ಸೀರೆ ಒಂಬತ್ತು ಗಜದ್ದು. ಉಟ್ಟು, ಒಗೆದು, ಮತ್ತೆ ಉಟ್ಟು, ಬೆಣ್ಣೆಯಷ್ಟು ಮೆತ್ತಗಾಗಿತ್ತು. ಎಳೇ ಕೂಸಿನ ಮೈಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಯಾವ ಅಂಗಡಿಯಲ್ಲೂ ಸಿಗಲ್ಲ. ಒಂದು ಸೀರೆಯಲ್ಲೇ ತೊಟ್ಟಿಲ ಕೌದಿ ಮೂರು ಆಗುತ್ತವೆ ಅಂತ ಅವ್ವ ಹೇಳಿದ್ದಳು. ನನಗೆ ಬೇಕಾಗಿದ್ದು ಒಂದು.

ಹೆರಿಗೆಗೆ ಇನ್ನೂ ಎರಡು ತಿಂಗಳು ಇತ್ತು. ದಿನಕ್ಕೆ ಅರ್ಧ ಗಂಟೆ ಅಂದರೂ ಒಟ್ಟು 30 ಗಂಟೆ. ಇದನ್ನು ಎಕ್ಸೆಲ್‌ನಲ್ಲಿ ಹಾಕಿದೆ. ಕತ್ತರಿಸುವುದಕ್ಕೆ ಒಂದು ಬಣ್ಣ, ಜೋಡಿಸುವುದಕ್ಕೆ ಒಂದು ಬಣ್ಣ, ಹೊಲಿಯುವುದಕ್ಕೆ ಒಂದು. ಆ ಪಟ್ಟಿ ಮಾಡಲು ಎರಡು ರಾತ್ರಿ ಹಿಡಿಯಿತು. ಬಹಳ ಚಂದ ಬಂದಿತ್ತು. ಇಡೀ ಕೆಲಸದಲ್ಲಿ ಹೇಳಿದ ದಿನಕ್ಕೆ ಮುಗಿದದ್ದು ಅದೊಂದೇ.

ಮೊದಲ ಭಾನುವಾರ ಕತ್ತರಿ ಹುಡುಕಿದೆ. ನಮ್ಮ ಮನೆಯಲ್ಲಿ ಮೂರು ಕತ್ತರಿ ಇವೆ ಅಂತ ನನ್ನ ನಂಬಿಕೆ. ಒಂದು ಹಾಲಿನ ಪ್ಯಾಕೆಟ್ ಕತ್ತರಿಸುವುದು, ಅದಕ್ಕೆ ಬಟ್ಟೆ ಕತ್ತರಿಸಲು ಬರಲ್ಲ, ಅಗಿಯಲು ಮಾತ್ರ ಬರುತ್ತೆ. ಇನ್ನೊಂದನ್ನು ಮಗ ಸೌರಮಂಡಲ ಮಾಡಲು ತೆಗೆದುಕೊಂಡು ಹೋಗಿ, ಗುರುಗ್ರಹಕ್ಕೆ ಅಂಟಿಸಿಕೊಂಡಿದ್ದ. ಮೂರನೆಯದು ಇವತ್ತಿಗೂ ಸಿಕ್ಕಿಲ್ಲ. ಸಂಜೆ ಹೊಸ ಕತ್ತರಿ ತಂದೆ. ಅಷ್ಟು ಹೊತ್ತಿಗೆ ದೋಸೆ ಹಿಟ್ಟು ರುಬ್ಬುವ ಸಮಯ.

ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ನನ್ನದು ಅಂತ ಮನೆಯಲ್ಲಿ ಘೋಷಣೆ ಮಾಡಿದೆ. ಅದನ್ನು ಎಲ್ಲರೂ ಒಪ್ಪಿದರು. ಮರುದಿನ ರಾತ್ರಿ 10 ಗಂಟೆಗೆ ಮಗ ಬಂದು, "ಅಮ್ಮಾ, ನಾಳೆ ಕ್ರಾಫ್ಟ್ ತರಬೇಕಂತೆ, ಐಸ್‌ಕ್ರೀಮ್ ಕಡ್ಡಿಯಲ್ಲಿ ಮನೆ" ಅಂದ. ಯಾವಾಗ ಹೇಳಿದ್ರೋ ಅಂದರೆ ಹೋದ ಸೋಮವಾರ. ಕಡ್ಡಿ ಎಲ್ಲಿ ತರೋದು? ಇವರು ಸ್ಕೂಟರ್ ತೆಗೆದುಕೊಂಡು ಹೋಗಿ, ಶಟರ್ ಅರ್ಧ ಇಳಿಸಿದ್ದ ಅಂಗಡಿಯೊಳಗೆ ಬಗ್ಗಿ ನುಗ್ಗಿ ತಂದರು. ಹನ್ನೆರಡೂವರೆಗೆ ಮನೆ ಮುಗಿಯಿತು. ಮಗ ಒಂಬತ್ತೂವರೆಯಿಂದಲೇ ಆಕಳಿಸುತ್ತಿದ್ದ, ಹತ್ತೂಕಾಲಿಗೆ ಮಲಗಿಬಿಟ್ಟಿದ್ದ. ಆ ಮನೆಗೆ ಶಾಲೆಯಲ್ಲಿ ಎರಡನೇ ಬಹುಮಾನ ಬಂತು. ಮೊದಲ ಬಹುಮಾನ ಬಂದ ಹುಡುಗಿಯ ತಂದೆ ಸಿವಿಲ್ ಎಂಜಿನಿಯರ್ ಅಂತೆ.

ಕಡೆಗೂ ಅಜ್ಜಿಯ ಸೀರೆ ಬಿಚ್ಚಿದೆ. ಕೆಂಪು ಸೆರಗು, ಅದರ ಮೇಲೆ ಬಿಳಿ ತೆನೆ. ಇಷ್ಟು ಚಂದದ ಬಟ್ಟೆ ಕೌದಿಯ ನಡುವೆ ಬಂದರೆ ಎಷ್ಟು ಒಪ್ಪುತ್ತೆ ಅಂತ ನೇರ ಅಲ್ಲಿಗೇ ಕತ್ತರಿ ಇಟ್ಟೆ. ಖುಷಿಯಲ್ಲಿ ಫೋಟೋ ತೆಗೆದು ಅವ್ವನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

"ಸೆರಗು ಕತ್ತರಿಸಿದೇನ?"

"ಹೂಂ ಅವ್ವಾ."

ಆ ಕಡೆ ಮಾತಿಲ್ಲ. ಸಿಗ್ನಲ್ ಹೋಯಿತೇನೋ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಸೇರಿಸುತ್ತಾರೆ. ಯಾರೋ ಕೂತು ಒಂದೊಂದೇ ಎಳೆ ಸೇರಿಸಿದ ಜಾಗ ಅದು. ನನ್ನ ಹೊಸ ಕತ್ತರಿ ಸರಿಯಾಗಿ ಅಲ್ಲೇ ಓಡಿತ್ತು. "ಒಡಲ ಕೌದಿಗೆ, ಸೆರಗ ನನಗ ಅಂತ ಇಟ್ಟಿದ್ದೆ" ಅಂದಳು ಅವ್ವ. ಬೈದಿದ್ದರೆ ವಾಸಿ ಇತ್ತು.

ಇನ್ನು ಅಂಗಿಯ ಕಥೆ. ಕೌದಿಗೆ ತುಂಡು ಬಟ್ಟೆ ಬೇಕು ಅಂದಾಗ ಇವರೂ ಉದಾರವಾಗಿ ಎರಡು ಹಳೇ ಅಂಗಿ ಕೊಟ್ಟಿದ್ದರು. ಮಂಚದ ಮೇಲೆ ಎರಡು ಗಂಟು. ಒಂದು ಕೌದಿಗೆ, ಒಂದು ಇಸ್ತ್ರಿಗೆ. ಬೆಳಗ್ಗೆ ಆಫೀಸಿನ ಫೋನ್ ಕಿವಿಗಿಟ್ಟುಕೊಂಡೇ ಒಂದು ಗಂಟನ್ನು ಗೇಟಿನ ಹತ್ತಿರದ ಇಸ್ತ್ರಿಯವನಿಗೆ ಕೊಟ್ಟು ಬಂದೆ. ಮಧ್ಯಾಹ್ನ ಇನ್ನೊಂದು ಗಂಟು ಬಿಚ್ಚಿ, ಮೇಲಿದ್ದ ತಿಳಿನೀಲಿ ಚೌಕಳಿ ಅಂಗಿಯ ಬೆನ್ನಿನಿಂದ ಮೂರು ಚೌಕ ತೆಗೆದೆ. ಬಟ್ಟೆ ಎಷ್ಟು ಗಟ್ಟಿಯಾಗಿದೆ, ಹಳೇ ಕಾಲದ ಮಾಲು ಅಂದುಕೊಂಡೆ. ಜೇಬು ಮುದ್ದಾಗಿತ್ತು, ಕೂಸಿಗೆ ಆಟ ಆಡೋಕಾಗುತ್ತೆ ಅಂತ ಅದನ್ನೂ ತೆಗೆದಿಟ್ಟೆ.

ಸಂಜೆ ಇಸ್ತ್ರಿಯವನು ಗಂಟು ತಂದ. ಒಟ್ಟು 22 ಚಿಂದಿ. ಒಂದೊಂದನ್ನೂ ಗರಿಗರಿಯಾಗಿ ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಡಿಸಿ, ಮೇಲೆ ದಿನಪತ್ರಿಕೆ ಸುತ್ತಿದ್ದ. ಪೀಸಿಗೆ ಹತ್ತರಂತೆ 220 ರೂಪಾಯಿ. "ಮೇಡಂ, ಕೆಲವು ಹರಿದಿತ್ತು. ಮೊದಲೇ ಹರಿದಿತ್ತು, ನಾನು ಹರಿದಿಲ್ಲ" ಅಂದ. ಹೌದಪ್ಪ ಅಂತ ಒಪ್ಪಿಕೊಂಡು ದುಡ್ಡು ಕೊಟ್ಟೆ. ಎರಡು ವಾರ ಇವರು ನೀಲಿ ಅಂಗಿ ಹುಡುಕಿದರು. ನಾನೂ ಜೊತೆಗೆ ಹುಡುಕಿದೆ. ಮಂಚದ ಕೆಳಗೂ ಬಗ್ಗಿ ನೋಡಿದೆ.

ಅಷ್ಟರಲ್ಲಿ ಕೂಸು ಹುಟ್ಟಿತು. ಗಂಡು ಮಗು. ಹೆಸರಿಡುವ ದಿನಕ್ಕೆ ಎಂಟು ಚೌಕ ಜೋಡಿಸಿದ್ದೆ. ಅದನ್ನೇ ಒಯ್ದು ತೋರಿಸಿದೆ. "ಕರವಸ್ತ್ರ ಚಂದ ಆಗೇತಿ" ಅಂದಳು ತಂಗಿ.

ಮನೆಯಿಂದ ಕೆಲಸ ಮಾಡುವ ದಿನ ಮೀಟಿಂಗಿನಲ್ಲಿ ಹೊಲಿಯಬಹುದಲ್ಲ ಅಂತ ಹೊಳೆಯಿತು. ಕಿವಿ ಅಲ್ಲಿ, ಕೈ ಇಲ್ಲಿ. ಕೌದಿಯದು ಬರೀ ಕಚ್ಚಾ ಹೊಲಿಗೆ, ಸೂಜಿ ಒಳಗೆ ಹೋಗಿ ಹೊರಗೆ ಬರಬೇಕು ಅಷ್ಟೇ. ಆದರೆ ಐದು ಪದರು ಬಟ್ಟೆಯಲ್ಲಿ ಸೂಜಿ ಎಳೆಯುವಾಗ ತಲೆ ತಾನಾಗೇ ಕೆಳಗೆ ಬಾಗುತ್ತೆ. ಒಂದು ಎಳೆತ, ಒಂದು ತಲೆಯಾಟ. ಕ್ಯಾಮೆರಾ ಆಫ್ ಮಾಡಿದ್ದೀನಿ ಅಂತ ನಾನು ನಂಬಿದ್ದೆ. ಮ್ಯಾನೇಜರ್, "ಶನಿವಾರ ರಾತ್ರಿ ರಿಲೀಸ್ ಯಾರು ನೋಡ್ಕೋತೀರಾ?" ಅಂತ ಕೇಳಿದ್ದಾರೆ. ಎಲ್ಲರೂ ಕಲ್ಲಿನ ಹಾಗೆ ಕೂತಿದ್ದಾಗ ನಾನೊಬ್ಬಳು ಹೂಂ, ಹೂಂ, ಹೂಂ ಅಂತ ತಲೆಯಾಡಿಸಿದ್ದೇನೆ. "ಇಂಥ ಉತ್ಸಾಹ ಬೇಕು" ಅಂತ ಹೊಗಳಿಕೆಯೂ ಬಂತಂತೆ. ಆ ಶನಿವಾರ ಬೆಳಗಿನ ಜಾವ ನಾಲ್ಕರವರೆಗೆ ಎದ್ದಿದ್ದೆ.

ಸೂಜಿಯ ವಿಷಯ ಹೇಳಲೇಬೇಕು. ಮೊದಲು ತಂದ ಸಣ್ಣ ಸೂಜಿ ಮೂರು ಮುರಿದವು. ಚಿಕ್ಕಪೇಟೆಯ ಅಂಗಡಿಯವರಿಗೆ ಹೇಳಿದರೆ ಗೋಣಿಚೀಲ ಹೊಲಿಯುವ ದಬ್ಬಣ ಕೊಟ್ಟರು. ಅದು ಹೋದ ದಾರಿಯಲ್ಲಿ ನನ್ನ ಕಿರುಬೆರಳೂ ಹೋಗುತ್ತಿತ್ತು. ಮಧ್ಯಮ ಗಾತ್ರದ್ದು ಸಿಕ್ಕಿದ್ದು ಮೂರನೇ ಸಲ. ಒಂದು ರಾತ್ರಿ ಹೊಲಿದು ಮಡಿಸಿಡುವಾಗ ನೋಡುತ್ತೇನೆ, ಆ ಸೂಜಿ ಇಲ್ಲ.

ಕೂಸಿನ ಕೌದಿಯಲ್ಲಿ ಸೂಜಿ! ನನ್ನ ಕೈಕಾಲು ತಣ್ಣಗಾಯಿತು. ಐದು ಪದರಿನಲ್ಲಿ ಎಲ್ಲಿದೆ ಅಂತ ಹುಡುಕೋದು? ಇವರು ಫ್ರಿಜ್ ಮೇಲಿದ್ದ ಗೋಲಗುಮ್ಮಟದ ಮ್ಯಾಗ್ನೆಟ್ ಕಿತ್ತು ತಂದರು. ವಿಜಯಪುರಕ್ಕೆ ಹೋದಾಗ ತಂದಿದ್ದು. ಅದನ್ನು ಹಿಡಿದು ಕೌದಿಯ ಮೇಲೆ ಉಳುಮೆ ಮಾಡಿದ ಹಾಗೆ ಸಾಲು ಸಾಲಾಗಿ ಎಳೆದೆವು. ಗೋಲಗುಮ್ಮಟಕ್ಕೆ ಒಂದು ಹೇರ್‌ಪಿನ್, ಎರಡು ಸ್ಟೇಪ್ಲರ್ ಪಿನ್ ಹತ್ತಿದವು. ಸೂಜಿ ಬರಲಿಲ್ಲ. ಇದೇ ಹೊತ್ತಿನಲ್ಲಿ ಇವರ ಕಣ್ಣು ನೀಲಿ ಜೇಬಿನ ಮೇಲೆ ಬಿತ್ತು. ಮೂಲೆಯಲ್ಲಿ ಪೆನ್ನಿನ ಶಾಯಿಯ ಕಲೆ ಬೇರೆ. "ಇದು..." ಅಂದರು. "ಮೊದಲು ಸೂಜಿ ಹುಡುಕೋಣ" ಅಂದೆ. ಎರಡು ವಾರ ಇಸ್ತ್ರಿಯವನನ್ನು ಅನುಮಾನದಿಂದ ನೋಡಿದ ಮನುಷ್ಯ, ಪಾಪ, ಮರುದಿನ ಅವನಿಗೆ ಅಂತ ಬಾಳೆಹಣ್ಣು ತಂದಿದ್ದರು.

ಬೆಳಗ್ಗೆ ಕೆಲಸಕ್ಕೆ ಬರುವ ಅಕ್ಕ ಬಂದಳು. ರಾಯಚೂರು ಕಡೆಯವಳು. ಬಾಗಿಲಲ್ಲಿ ನಿಂತೇ ಒಂದು ಸಲ ನನ್ನ ನೋಡಿ, "ಅಕ್ಕಾರ, ಸೂಜಿ ಹೆಗಲ ಮ್ಯಾಲ ಐತ್ರಿ" ಅಂದಳು. ಹೌದು. ಅಜ್ಜಿ ಸೆರಗಿಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದ ಹಾಗೇ ನಾನೂ ಕುರ್ತಾದ ಹೆಗಲಿಗೆ ಚುಚ್ಚಿಕೊಂಡಿದ್ದೆ. ಅದರ ಸಮೇತ ನಿದ್ದೆಯನ್ನೂ ಮಾಡಿದ್ದೆ. ಅಜ್ಜಿಯಿಂದ ನನಗೆ ಬಂದ ಹೊಲಿಗೆ ವಿದ್ಯೆ ಅಂದರೆ ಅದೊಂದೇ.

ಅಕ್ಕ ಕಸಬರಿಗೆ ಬದಿಗಿಟ್ಟು ಕೌದಿಯನ್ನು ನೆಲದ ಮೇಲೆ ಹಾಸಿದಳು. ನಾನು ಹೊಲಿದಿದ್ದು ವಿಡಿಯೋ ನೋಡಿ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಫೂಲು, ಅಂದರೆ ಹೂವು, ಇಡುತ್ತಾರೆ, ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಅವರ ಲೆಕ್ಕ. ಅವರ ಕೈಯಲ್ಲಿ ಅದು ಹಪ್ಪಳದ ಹಾಗೆ ಸಪಾಟಾಗಿ ಬರುತ್ತೆ. ನನ್ನ ಕೈಯಲ್ಲಿ ಮಿಕ್ಕ ಬಟ್ಟೆಯೆಲ್ಲ ಸುತ್ತಲಿಂದ ಬಂದು ನಡುವೆ ಗುಡ್ಡೆಯಾಗಿ ನಿಂತಿತ್ತು.

"ಇದೇನ್ರೀ ಹುತ್ತ?" ಅಂದಳು ಅಕ್ಕ.

ಅವಳ ಊರಲ್ಲಿ ಸುಗ್ಗಿ ಮುಗಿದ ಮೇಲೆ, ಬೇಸಿಗೆಯ ಮಧ್ಯಾಹ್ನ, ಪಡಸಾಲೆಯಲ್ಲಿ ಕೌದಿ ಹಾಸಿ ನಾಲ್ಕೂ ಕಡೆ ನಾಲ್ಕು ಜನ ಕೂರುತ್ತಿದ್ದರಂತೆ. ಊರ ಸುದ್ದಿಯೆಲ್ಲ ಮುಗಿಯುವಷ್ಟರಲ್ಲಿ ಕೌದಿಯೂ ಮುಗಿಯೋದು. ಮಾತು ಬಿಸಿಯೇರಿದ ಕಡೆ ಹೊಲಿಗೆ ಒತ್ತಾಗಿ ಬೀಳುತ್ತೆ, ಯಾರ ಮನೆ ಜಗಳ ಯಾವ ಸಾಲಿನಲ್ಲಿದೆ ಅಂತ ಆಮೇಲೂ ತೋರಿಸಬಹುದು. "ಒಬ್ರ ಹೊಲಕೋಂತ ಕುಂತ್ರ ಕೂಸಿನ ಮದ್ವಿಗೆ ಆಗತೈತಿ ನೋಡ್ರಿ" ಅಂದಳು. ಅಷ್ಟು ದಿನ ನನಗೆ ಟೈಮ್ ಇಲ್ಲ, ಟೈಮ್ ಇಲ್ಲ ಅಂತ ಒದ್ದಾಡಿದ್ದೆ. ಟೈಮ್ ಅಲ್ಲ, ಮೂರು ಜನ ಕಡಿಮೆ ಬಿದ್ದಿದ್ದರು.

ಹುತ್ತ ಬಿಚ್ಚಿದೆವು. ಬಿಚ್ಚೋದಕ್ಕೇ ಒಂದು ಭಾನುವಾರ ಬೇಕಾಯಿತು. ಮುಂದಿನ ಭಾನುವಾರ ಅವ್ವ ಧಾರವಾಡದಿಂದ ಬಂದಿದ್ದಳು. ಮೂರನೇ ಮಹಡಿಯ ಮಲಯಾಳಿ ಆಂಟಿ ಕರಿಬೇವು ಕೇಳಲು ಬಂದವರು ಅಲ್ಲೇ ಕೂತರು. ಅಕ್ಕನಿಗೆ ಆ ದಿನ ರಜೆ, ಆದರೂ ಬಂದಳು. ಕೆಲಸದ ಕೂಲಿ ಕೊಡ್ತೀನಿ ಅಂದರೆ ತಗೊಳ್ಳಲಿಲ್ಲ, ಅಜ್ಜಿಯ ಸೀರೆಯಲ್ಲಿ ಉಳಿದ ಒಡಲು ಕೇಳಿದಳು, ಮೊಮ್ಮಗಳಿಗೆ ಅಂತ. ಕೌದಿಯ ಮೂಲೆ ಏಳದ ಹಾಗೆ ಭಾರ ಇಡಬೇಕಿತ್ತು. ಇವರು ಹೊಸ ವರ್ಷಕ್ಕೆ ತಂದಿದ್ದ ಡಂಬೆಲ್ಸ್ ಅವತ್ತು ಮೊದಲ ಸಲ ಉಪಯೋಗಕ್ಕೆ ಬಂದವು. ಉಳಿದೆರಡು ಮೂಲೆಗೆ ಉಪ್ಪಿನಕಾಯಿ ಜಾಡಿ, ಕುಟ್ಟಾಣಿ. ಆಂಟಿಗೆ ಅವ್ವನ ಕನ್ನಡ ತಿಳಿಯಲಿಲ್ಲ, ಅವ್ವನಿಗೆ ಆಂಟಿಯ ಕನ್ನಡ ತಿಳಿಯಲಿಲ್ಲ. ಆದರೂ ಇಬ್ಬರೂ ಸೊಸೆಯಂದಿರ ವಿಷಯ ಎರಡು ಗಂಟೆ ಮಾತಾಡಿದರು. ಅವ್ವನಿಗೆ ಸೊಸೆಯೇ ಇಲ್ಲ.

ಎರಡು ಭಾನುವಾರದಲ್ಲಿ ಕೌದಿ ಮುಗಿಯಿತು. ಒಂದು ಮೂಲೆ ಮಾತ್ರ ಉಳಿಸಿಕೊಂಡೆವು. ಅದನ್ನು ಮುಚ್ಚುವ ಮೊದಲು ಅಜ್ಜಿ ಒಳಗೆ ತಿನ್ನುವ ಪದಾರ್ಥ ಏನಾದರೂ ಇಡುತ್ತಿದ್ದಳು. "ಕೌದಿ ಹಸಕೊಂಡಿರಬಾರದು, ಹೊಟ್ಟಿ ತುಂಬಿಸಬೇಕು" ಅನ್ನೋದು ಅವಳ ಮಾತು. ಅಂದರೆ ನಾಲ್ಕು ಕಾಳು ಅಕ್ಕಿ. ಇದನ್ನು ಯಾರೂ ನನಗೆ ಬಿಡಿಸಿ ಹೇಳಲಿಲ್ಲ. ನಾನು ಬಿಸಿ ಚಪಾತಿಯ ತುಂಡಿಗೆ ಒಂದಿಷ್ಟು ತುಪ್ಪ ಸವರಿ, ಸ್ವಲ್ಪ ಸಕ್ಕರೆಯನ್ನೂ ಹಾಕಿ, ಪ್ರೀತಿಯಿಂದ ಒಳಗಿಟ್ಟು ಹೊಲಿದೆ.

ಬೆಳಗ್ಗೆ ಎದ್ದು ನೋಡಿದರೆ ಗೋಡೆಯಿಂದ ಕೌದಿಯವರೆಗೆ ಒಂದು ಕಪ್ಪು ಗೆರೆ. ಹುತ್ತ ಹೋಯಿತು ಅನ್ನುವಷ್ಟರಲ್ಲಿ ಇರುವೆ ಬಂದಿದ್ದವು. ಮೂಲೆ ಬಿಚ್ಚಿ, ಒಗೆದು, ಬಿಸಿಲಿಗೆ ಹಾಕಿ, ಅಕ್ಕಿ ಇಟ್ಟು ಮತ್ತೆ ಹೊಲಿದೆ. ಒಗೆದಾಗ ಅಜ್ಜಿಯ ಸೆರಗಿನ ಕೆಂಪು ಸ್ವಲ್ಪ ಬಿಟ್ಟು, ಅಪ್ಪನ ಬಿಳಿ ಧೋತರ ಒಂದು ಕಡೆ ಗುಲಾಬಿಯಾಗಿದೆ. "ಹಂಗ ಇರ್ಲಿ" ಅಂದಳು ಅವ್ವ. ಸೆರಗಿನ ಮೇಲೆ ಒಂದು ಸಲ ಕೈಯಾಡಿಸಿ, ಮಡಿಸಿ ಚೀಲಕ್ಕೆ ಹಾಕಿದಳು.

ತೊಟ್ಟಿಲ ಕೌದಿ ತಲುಪಿದಾಗ ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿ ಆಗಿತ್ತು. ಹುಡುಗನಿಗೆ ಒಂದೂವರೆ ವರ್ಷ. ಹೊದ್ದರೆ ಕಾಲು ಹೊರಗೆ. ಅವನು ಅದನ್ನು ಹೊದೆಯುವುದೂ ಇಲ್ಲ, ಮನೆ ತುಂಬ ಎಳೆದಾಡುತ್ತಾನೆ, ಕುರ್ಚಿಯ ಮೇಲೆ ಹಾಕಿ ಒಳಗೆ ಕೂರುತ್ತಾನೆ.

ಹೋದ ವಾರ ತಂಗಿ ವಿಡಿಯೋ ಕಾಲ್ ಮಾಡಿದಳು. ಮುಖ ಸಪ್ಪಗಿತ್ತು. "ಅಕ್ಕಾ, ಕೌದಿಗೆ ಇರುವಿ ಬಂದಾವ ನೋಡ."

ಅಕ್ಕಿಗೆ ಇರುವೆ ಬರೋದಿಲ್ಲವಲ್ಲ ಅಂತ ನಾನು ಗಾಬರಿಯಾದೆ. ಫೋನ್ ಹತ್ತಿರ ಹಿಡಿದು ತೋರಿಸಿದಳು. ನೀಲಿ ಜೇಬಿನ ತುಂಬ ಬಿಸ್ಕತ್ತಿನ ಪುಡಿ, ಅರ್ಧ ತಿಂದ ಬಾಳೆಹಣ್ಣು, ಒಂದು ಬೆಲ್ಲದ ಚೂರು. ನನ್ನ ಪಕ್ಕದಲ್ಲಿ ಇವರು ಬಗ್ಗಿ ನೋಡಿ, "ನನ್ನ ಅಂಗಿ" ಅಂತ ಸಣ್ಣ ದನಿಯಲ್ಲಿ ಅಂದರು.

ಹಿಂದಿನಿಂದ ಅವ್ವನ ಧ್ವನಿ ಕೇಳಿತು: "ಬಿಡವಾ, ಹೊಟ್ಟಿ ತುಂಬೇತಿ."