ಅಪರೂಪ ಅನ್ನುವ ಮೊದಲು ಎಣಿಸಿದ್ದೀರಾ?

ಅಣ್ಣನ ಬೆಲ್ಟಿಗೆ ಕೊಳ್ಳುವಾಗ ಇದ್ದ ತೂತು ಐದು. ಆಮೇಲೆ ಅವನೇ ಮೊಳೆ ಕಾಯಿಸಿ ಇನ್ನೂ ಮೂರು ತೂತು ಮಾಡಿಕೊಂಡಿದ್ದ. ಅತ್ತಿಗೆ ಅದನ್ನು ಕೈಯಲ್ಲಿ ಹಿಡಿದು ತೋರಿಸಿದಾಗಲೇ ನನಗೆ ಗೊತ್ತಾಗಿದ್ದು, ನಾಲ್ಕು ತಿಂಗಳಲ್ಲಿ ಅವನು ಎಷ್ಟು ಇಳಿದುಹೋಗಿದ್ದಾನೆ ಅಂತ. ಫೋನ್ ಮಾಡಿದಾಗೆಲ್ಲ "ಎಂತದೂ ಇಲ್ಲ ತಂಗಿ, ಸ್ವಲ್ಪ ಗ್ಯಾಸು" ಅನ್ನುತ್ತಿದ್ದ. ನಾನು ಕಾರವಾರದಲ್ಲಿ, ಅವನು ಅಂಕೋಲೆಯಲ್ಲಿ. ಮುಕ್ಕಾಲು ಗಂಟೆಯ ದಾರಿ. ಹೋಗಿ ನೋಡಬೇಕಿತ್ತು.

2024ರ ಫೆಬ್ರವರಿಯಲ್ಲಿ ನೋವು ಶುರುವಾಯಿತು. ಉಂಡ ಅರ್ಧ ಗಂಟೆಗೆ ಹೊಕ್ಕಳ ಸುತ್ತ ಹಿಂಡಿದ ಹಾಗೆ. ನಡುನಡುವೆ ಭೇದಿ, ಸಂಜೆಯಾದರೆ ಮೈ ಬಿಸಿ. ಸ್ಕ್ಯಾನ್ ಮಾಡಿಸಿದರೆ ಕರುಳಿನ ಗೋಡೆ ದಪ್ಪ ಆಗಿದೆ ಅಂತ ಬಂತು. ನೋಡಿದ ಡಾಕ್ಟರು ಕರುಳಿನ ಟಿಬಿ ಇರಬೇಕು ಅಂದು ಮಾರ್ಚ್‌ನಲ್ಲಿ ಮಾತ್ರೆ ಕೊಟ್ಟರು. ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿ ಆಗಲಿಲ್ಲ. ಮಾಡಿಸೋಣವಾ ಅಂತ ನಾವೂ ಕೇಳಲಿಲ್ಲ. ಮೇ ತಿಂಗಳಲ್ಲಿ ಮನೆಗೆ ಕರಿ ಇಷಾಡ ಮಾವಿನಹಣ್ಣು ಬಂತು. ಒಂದು ಹೋಳು ಬಾಯಿಗಿಟ್ಟು ತಟ್ಟೆ ಸರಿಸಿದ. ಅಂಕೋಲೆಯಲ್ಲಿ ಹುಟ್ಟಿ ಬೆಳೆದವನು ಕರಿ ಇಷಾಡ ಬೇಡ ಅಂದರೆ ಒಳಗೆ ಏನೋ ಕೆಟ್ಟಿದೆ ಅಂತಲೇ ಅರ್ಥ. ಆಗಲೂ ನಾವು, ಮಾತ್ರೆ ಉಷ್ಣ ಇರಬೇಕು ಅಂದುಕೊಂಡು ಎಳನೀರು ಕೊಟ್ಟೆವು.

ಜುಲೈ ಎರಡನೇ ವಾರ, ನಡುರಾತ್ರಿ, ಕರುಳು ತೂತು ಬಿತ್ತು. ಸುರಿಯುವ ಮಳೆಯಲ್ಲಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟಿದೆವು. ಆಪರೇಷನ್ ಆಯಿತು. ತೆಗೆದ ಕರುಳಿನ ತುಂಡು ಪರೀಕ್ಷೆಗೆ ಹೋಯಿತು. ಬಂದ ಉತ್ತರ ಟಿಬಿ ಅಲ್ಲ, ಲಿಂಫೋಮಾ, ಅಂದರೆ ಬಿಳಿರಕ್ತಕಣಗಳ ಕ್ಯಾನ್ಸರ್. ಯಾವ ಲಿಂಫೋಮಾ ಅಂತ ಗಟ್ಟಿಯಾಗಿ ತಿಳಿಯಲು ಇನ್ನೊಂದು ದೊಡ್ಡ ಲ್ಯಾಬಿಗೆ ತೋರಿಸಿ ಎಂದು ಅದರ ಬ್ಲಾಕ್ ಕೊಟ್ಟರು. ಬ್ಲಾಕ್ ಅಂದರೆ ಮೇಣದಲ್ಲಿ ಹುದುಗಿಸಿದ ಮಾಂಸದ ಚೂರು. ಬೆಂಕಿಪೊಟ್ಟಣಕ್ಕಿಂತ ಸಣ್ಣದು. ನಡುವೆ ಅಡಿಕೆ ಹೋಳಿನಷ್ಟು ಮಸುಕು ಕಂದು ಚುಕ್ಕೆ, ಬದಿಗೆ ಪೆನ್ಸಿಲಿನಲ್ಲಿ ಬರೆದ ನಂಬರು. ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದ ದಿನಗಳು ಅವು. ಅಂಕೋಲೆಯಲ್ಲಿ ರೈಲು ಹತ್ತಿ, ಅದನ್ನು ಮಡಿಲಲ್ಲಿ ಇಟ್ಟುಕೊಂಡು ದಕ್ಷಿಣಕ್ಕೆ ಹೋದೆ. ಕೈ ಬಿಸಿಗೆ ಮೇಣ ಕರಗೀತು ಅಂತ ಮುಟ್ಟಲೂ ಹೆದರಿಕೆ.

ವರದಿಯಲ್ಲಿ ಕಣದ ಜಾತಿ ಹೇಳುವ ಗುರುತುಗಳು, ಸಿಡಿ3, ಸಿಡಿ8, ಸಿಡಿ56 ಪಾಸಿಟಿವ್ ಅಂತ ಇತ್ತು. ಕೆಳಗೆ ಹೆಸರು: ಮೊನೊಮಾರ್ಫಿಕ್ ಎಪಿಥೀಲಿಯೋಟ್ರೋಪಿಕ್ ಇಂಟೆಸ್ಟೈನಲ್ ಟಿ-ಸೆಲ್ ಲಿಂಫೋಮಾ. ಕರುಳಿನ ಒಳಪದರದಲ್ಲಿ ಕಾವಲಿಗೆ ಅಂತ ಇರುವ ಟಿ-ಕಣಗಳೇ ಕ್ಯಾನ್ಸರ್ ಆಗಿ ಗೋಡೆಯನ್ನು ತಿನ್ನುವ ಕಾಯಿಲೆ. "ತುಂಬಾ ಅಪರೂಪ ಅಮ್ಮಾ" ಅಂದರು ಅಲ್ಲಿಯ ಡಾಕ್ಟರು. ಅವರು ಮರುಕದಿಂದಲೇ ಹೇಳಿದ್ದು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಅಪರೂಪ ಅಂದರೆ ಎಷ್ಟು? ಎಲ್ಲಿ? ಎಣಿಸಿದವರು ಯಾರು?

ಅಲ್ಲಿಂದ ನಾನು ಓದಲು ಶುರು ಮಾಡಿದ್ದು. ಗೊತ್ತಾದದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು.

ಈ ಕಾಯಿಲೆಗೆ ಒಬ್ಬ ಅಣ್ಣ ಇದೆ, ಹೆಸರು ಇಎಟಿಎಲ್. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇದ್ದವರಲ್ಲಿ ಬರುವಂಥದ್ದು, ಉತ್ತರ ಯುರೋಪಿನಲ್ಲಿ ಜಾಸ್ತಿ. ಮೊದಲು ಎರಡನ್ನೂ ಒಂದೇ ಹೆಸರಿನಲ್ಲಿ ಟೈಪ್ 1, ಟೈಪ್ 2 ಅನ್ನುತ್ತಿದ್ದರು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಬೇರೆ ಮಾಡಿದರು. ನಮ್ಮಣ್ಣನದು ಎರಡನೆಯದು. ಅದಕ್ಕೆ ಗೋಧಿಯ ಸಂಬಂಧ ಇಲ್ಲ, ಏಷ್ಯಾದವರಲ್ಲಿ ಹೆಚ್ಚಾಗಿ ಕಾಣುವುದು ಇದೇ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನೆಂಟರೆಲ್ಲ ಗೂಗಲ್ ನೋಡಿ ಅತ್ತಿಗೆಗೆ "ಚಪಾತಿ ಕೊಟ್ಟೇ ಹೀಗಾಯ್ತು" ಅಂದರು. ರಾತ್ರಿ ಎರಡು ಚಪಾತಿ ಲಟ್ಟಿಸಿ ಕೊಟ್ಟದ್ದಕ್ಕೆ ಆಕೆ ಇವತ್ತಿಗೂ ತನ್ನನ್ನೇ ದೂರಿಕೊಳ್ಳುತ್ತಾಳೆ. ದಯವಿಟ್ಟು ರೋಗಿಯ ಮನೆಗೆ ಹೋಗಿ ಇಂಥ ಮಾತು ಆಡಬೇಡಿ.

ಸೀಲಿಯಾಕ್ ವಿಷಯ ಬಂತು ಅಂತ ಒಂದು ಮಾತು. ನಮ್ಮ ದೇಶದಲ್ಲೇ 23 ಸಾವಿರಕ್ಕೂ ಹೆಚ್ಚು ಜನರ ರಕ್ತ ನೋಡಿದ ಒಂದು ಅಧ್ಯಯನ 2016ರಲ್ಲಿ ಬಂತು. ಸೀಲಿಯಾಕ್ ಸೂಚಿಸುವ ಆಂಟಿಬಾಡಿ ಉತ್ತರ ಭಾರತದಲ್ಲಿ ಶೇ. 1.23 ಜನರಲ್ಲಿ ಇತ್ತು, ದಕ್ಷಿಣದಲ್ಲಿ ಶೇ. 0.10. ಅದಕ್ಕೆ ಬೇಕಾದ ಜೀನ್ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ! ಬೇರೆ ಇದ್ದದ್ದು ತಟ್ಟೆ. ಅಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ಕುಚ್ಚಲಕ್ಕಿ ಗಂಜಿ, ಮೀನುಸಾರು ಉಣ್ಣುವ ನಮಗೆ ಯುರೋಪಿನ ಲೆಕ್ಕ ಹಾಗೇ ಹೊಂದುವುದಿಲ್ಲ. ಎಣಿಸಿದ್ದರಿಂದ ತಾನೇ ಇದು ತಿಳಿದದ್ದು?

ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನಲ್ಲಿ 1994ರಿಂದ 1998ರ ನಡುವೆ ಇಎಟಿಎಲ್ ಲೆಕ್ಕ ಹಾಕಿದರು. ವರ್ಷಕ್ಕೆ ಲಕ್ಷಕ್ಕೆ 0.14 ಬಂತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 14 ಲಕ್ಷ ಚಿಲ್ಲರೆ. ಆ ದರವನ್ನೇ ಸುಮ್ನೆ ಹಾಕಿ ನೋಡಿದರೂ ವರ್ಷಕ್ಕೆ ಇಬ್ಬರು. ನಮ್ಮ ನಿಜವಾದ ದರ ಇದಕ್ಕಿಂತ ಕಡಿಮೆ ಇರಬಹುದು. ಆದರೂ ಒಬ್ಬರು ಅಂತ ಇಟ್ಟುಕೊಳ್ಳಿ. ಭಟ್ಕಳದಿಂದ ಜೋಯಿಡಾ ತನಕ ಎಲ್ಲೋ ಒಂದು ಮನೆಯಲ್ಲಿ ಆ ಒಬ್ಬರು ಈಗ ಮಲಗಿದ್ದಾರೆ.

ಬದುಕುವ ಅವಧಿಯ ಅಂಕಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ಇಎಟಿಎಲ್ ಲೆಕ್ಕದ 54 ರೋಗಿಗಳಲ್ಲಿ ಅರ್ಧದಷ್ಟು ಜನ ಏಳು ತಿಂಗಳ ಆಚೆ ಬದುಕಲಿಲ್ಲ. ಹಲವು ದೇಶಗಳ 62 ರೋಗಿಗಳ ಇನ್ನೊಂದು ಲೆಕ್ಕದಲ್ಲಿ ಹತ್ತು ತಿಂಗಳು, ಅದರಲ್ಲಿ ಮೂರನೇ ಒಂದು ಪಾಲು ನಮ್ಮಣ್ಣನ ಬಗೆಯ ಕಾಯಿಲೆಯವರು. ಆದರೆ ಹತ್ತು ತಿಂಗಳು ಅಂದರೆ ಎಲ್ಲರಿಗೂ ಹತ್ತೇ ತಿಂಗಳು ಅಂತ ಅಲ್ಲ. ಬದುಕಿದ ದಿನಗಳ ಪ್ರಕಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರ ಲೆಕ್ಕ ಅದು. ಅವರ ಆಚೆ ಇನ್ನರ್ಧ ಸಾಲು ಇದೆ, ಕೆಲವರು ವರ್ಷಗಟ್ಟಲೆ ದೂರದಲ್ಲಿದ್ದಾರೆ. ಸ್ಕಾಟ್ಲೆಂಡ್, ಉತ್ತರ ಇಂಗ್ಲೆಂಡಿನ ಅದೇ ಡಾಕ್ಟರುಗಳು ಗಟ್ಟಿ ಕೀಮೋ ಕೊಟ್ಟು, ರಕ್ತ ಹುಟ್ಟಿಸುವ ರೋಗಿಯದೇ ಸ್ಟೆಮ್ ಸೆಲ್ ಕಸಿ ಮಾಡುವ ದಾರಿ ಹಿಡಿದಾಗ 26 ಜನರಲ್ಲಿ ಐದು ವರ್ಷ ದಾಟಿದವರ ಪ್ರಮಾಣ ಶೇ. 60 ಆಯಿತು. ಅಂಥ ಚಿಕಿತ್ಸೆ ಎಲ್ಲರ ಮೈ ತಡೆಯುವುದಿಲ್ಲ, ತಡೆಯುವವರನ್ನು ಆರಿಸಿ ಕೊಟ್ಟದ್ದು. ನನ್ನ ಸಂಕಟ ಇರುವುದೇ ಅಲ್ಲಿ. ನಮ್ಮಣ್ಣ ಫೆಬ್ರವರಿಯಲ್ಲಿ ತೆಂಗಿನಮರ ಹತ್ತುತ್ತಿದ್ದ. ಕೀಮೋ ಶುರುವಾಗುವ ಹೊತ್ತಿಗೆ ಹಾಸಿಗೆಯಿಂದ ಬಚ್ಚಲಿಗೆ ಹೋಗಲು ನನ್ನ ಭುಜ ಹಿಡಿಯುತ್ತಿದ್ದ. ಹೊಟ್ಟೆಯ ಹೊಲಿಗೆ ಮಾಯಲಿಲ್ಲ, ಉಂಡದ್ದು ಮೈಗೆ ಹತ್ತಲಿಲ್ಲ. ಎರಡು ಸುತ್ತು ಕೀಮೋ ಆಯಿತು, ಮೂರನೆಯದಕ್ಕೆ ಡಾಕ್ಟರೇ ಬೇಡ ಅಂದರು. ಡಿಸೆಂಬರ್‌ನಲ್ಲಿ ಹೋದ.

ಟಿಬಿ ಮಾತ್ರೆ ಕೊಟ್ಟ ಡಾಕ್ಟರನ್ನು ಬಯ್ಯಲು ಇದನ್ನು ಬರೆಯುತ್ತಿಲ್ಲ. ನಮ್ಮ ದೇಶದಲ್ಲಿ ಕರುಳಿನ ಟಿಬಿ ಈ ಲಿಂಫೋಮಾಕ್ಕಿಂತ ಎಷ್ಟೋ ಪಾಲು ಜಾಸ್ತಿ. ಜ್ವರ, ತೂಕ ಇಳಿಯುವುದು, ಹೊಟ್ಟೆನೋವು, ಸ್ಕ್ಯಾನಿನಲ್ಲಿ ದಪ್ಪ ಗೋಡೆ, ಎಲ್ಲ ಎರಡಕ್ಕೂ ಒಂದೇ. ಟಿಬಿ ಮಾತ್ರೆ ತೆಗೆದುಕೊಳ್ಳುತ್ತಿರುವವರು ನನ್ನ ಬರಹ ಓದಿ ನಿಲ್ಲಿಸಬೇಡಿ, ಕೈ ಮುಗಿಯುತ್ತೇನೆ. ಆದರೆ ಮಾತ್ರೆ ಶುರು ಮಾಡುವ ಮೊದಲು ಕರುಳಿನ ಚೂರು ತೆಗೆದು ನೋಡಲು ಆಗುತ್ತದಾ ಅಂತ ಕೇಳಿ. ಶುರು ಮಾಡಿ ಎರಡು ಮೂರು ತಿಂಗಳಾದರೂ ನೋವು ತಗ್ಗದೆ ತೂಕ ಇಳಿಯುತ್ತಲೇ ಇದ್ದರೆ ಮತ್ತೆ ಹೋಗಿ ಕೇಳಿ. ನಾವು ಆ ಎರಡು ತಿಂಗಳು ಎಳನೀರು ಕುಡಿಸುತ್ತಾ ಕೂತೆವು.

ಇನ್ನು ಎಣಿಕೆಯ ಮಾತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಪುಣೆಯಿಂದ ಬಂದವರು ಸತ್ತ ಮಂಗ, ರಕ್ತ ಹೀರುವ ಉಣ್ಣೆ, ಜ್ವರದ ಜನ ಎಲ್ಲವನ್ನೂ ಹುಡುಕಿ ಬರೆದುಕೊಂಡರು. ಅದರಿಂದಲೇ ಮಂಗನ ಕಾಯಿಲೆಯ ವೈರಸ್ ಸಿಕ್ಕಿತು. ಇವತ್ತು ಸಿದ್ದಾಪುರದಲ್ಲಿ ಒಂದು ಮಂಗ ಸತ್ತರೂ ಸುದ್ದಿ ಆಗುತ್ತದೆ. ಟಿಬಿ 2012ರಿಂದ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ. ಕ್ಯಾನ್ಸರಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1982ರಿಂದ ನಗರದ ಜನರ ಲೆಕ್ಕ ಇಡುತ್ತಿದ್ದಾರೆ. ಅದು ಬೆಂಗಳೂರಿನಲ್ಲಿ ವಾಸ ಇರುವವರ ಲೆಕ್ಕ. ನಮ್ಮವರು ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಅಂತ ಚದುರಿ ಹೋಗುತ್ತಾರೆ. ಅಲ್ಲಿಯ ಫೈಲುಗಳಲ್ಲಿ ಒಂದೊಂದು ಕಾಗದವಾಗಿ ಉಳಿಯುತ್ತಾರೆ. ಉತ್ತರ ಕನ್ನಡದ ವಿಳಾಸ ಇರುವ ಪ್ರತಿ ಕ್ಯಾನ್ಸರ್ ರೋಗಿಯ ಹೆಸರು, ಯಾವ ಆಸ್ಪತ್ರೆಗೆ ಹೋಗಿರಲಿ, ಒಂದು ಕಡೆ ಸೇರಬೇಕು. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ನಾವೆಲ್ಲ ಇಷ್ಟು ವರ್ಷ ಕೂಗಿದ್ದೇವೆ, ಇನ್ನೂ ಕೂಗೋಣ. ಅದರ ಜೊತೆಗೇ ಇದನ್ನೂ ಕೇಳೋಣ. ಇದಕ್ಕೆ ಬೇಕಾದದ್ದು ಕಟ್ಟಡ ಅಲ್ಲ, ಒಂದು ಕಂಪ್ಯೂಟರ್, ನಾಲ್ಕು ಜನ, ಆಸ್ಪತ್ರೆಗಳಿಗೆ ಒಂದು ಆದೇಶ.

ಆಪರೇಷನ್ ಆಗಿ ತಿಂಗಳಾದ ಮೇಲೆ ಆಶಾ ಕಾರ್ಯಕರ್ತೆ ಮನೆಗೆ ಬಂದಿದ್ದರು. ಅಣ್ಣ ಟಿಬಿ ಮಾತ್ರೆ ಒಯ್ಯಲು ಯಾಕೆ ಬಂದಿಲ್ಲ ಅಂತ ಕೇಳಲು. ಒಳ್ಳೆಯ ಹೆಂಗಸು, ಕೈಯಲ್ಲಿ ರಿಜಿಸ್ಟರ್ ಇತ್ತು. ಅತ್ತಿಗೆ ಬಾಗಿಲಲ್ಲಿ ನಿಂತು "ಅವ್ರಿಗೆ ಟಿಬಿ ಅಲ್ವಂತೆ" ಅಂದಳು. "ಹಾಗಾದ್ರೆ ಎಂತದಕ್ಕಾ?" ಅಂತ ಆಕೆ ಕೇಳಿದರು. ಅತ್ತಿಗೆಗೆ ಆ ಹೆಸರು ಹೇಳಲು ಬರಲಿಲ್ಲ, ನಾನು ಒಳಗಿಂದ ವರದಿ ತಂದು ತೋರಿಸಿದೆ. ಆಕೆ ಓದಿ ನೋಡಿದರು. ಬರೆದುಕೊಳ್ಳಲು ಆ ರಿಜಿಸ್ಟರಿನಲ್ಲಿ ಜಾಗ ಇರಲಿಲ್ಲ.

ಬ್ಲಾಕ್ ನಮ್ಮಲ್ಲೇ ಇದೆ. ಅಮ್ಮನ ಕಪಾಟಿನಲ್ಲಿ, ಬಿಸಿಲು ತಾಗದ ಕೆಳಗಿನ ಖಾನೆಯಲ್ಲಿ, ವರದಿಯ ಜೊತೆ ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ. ಜಿಲ್ಲೆಯ ಲೆಕ್ಕ ಬರೆಯಲು ಯಾರಾದರೂ ಮುಂದೆ ಬಂದರೆ ತಂದು ಕೊಡುತ್ತೇನೆ.