ಝೋಂಗ್‌ಶಾನ್ ತನ್ನ ಕೈಯಾರೆ ಕೆಟ್ಟಿತೇ?

ಪರ

ಹೌದು, ಕೈಯಾರೆ ಕೆಟ್ಟಿತು. ಚೀನಾದ ಈಗಿನ ಹೆಬೈ ಪ್ರಾಂತ್ಯದಲ್ಲಿ ಬಿಳಿ ದೀ ಎಂಬ ಬುಡಕಟ್ಟಿನ ಜನ ಕಟ್ಟಿದ ಪುಟ್ಟ ರಾಜ್ಯ ಇದು. ಸುತ್ತಲಿನ ಚೀನೀ ದೊರೆಗಳ ಕಣ್ಣಿಗೆ ಇವರು ಹೊರಗಿನವರು. ಕ್ರಿ.ಪೂ. 406ರಲ್ಲಿ ವೇ ರಾಜ್ಯ ಇವರನ್ನು ನುಂಗಿತು. ಕೆಲವು ದಶಕಗಳಲ್ಲಿ ಮತ್ತೆ ಎದ್ದು ನಿಂತರು. ಸಣ್ಣ ಮಾತಲ್ಲ, ಒಪ್ಪುತ್ತೇನೆ.

ಒಮ್ಮೆ ಬಿದ್ದವರು ಆಮೇಲಾದರೂ ಹುಷಾರಾಗಿರಬೇಕು, ಅಲ್ವಾ? ಛೀ ರಾಜ್ಯ ಬೆನ್ನಿಗಿದೆ ಎಂಬ ಧೈರ್ಯದಲ್ಲಿ, ಪಕ್ಕದ ಝಾವ್ ರಾಜ್ಯದ ಹಾವ್ ಪಟ್ಟಣಕ್ಕೆ ನೀರು ತಿರುಗಿಸಿ ಮುತ್ತಿಗೆ ಹಾಕಿದರು. ಕ್ರಿ.ಪೂ. 323ರಲ್ಲಿ ದೊಡ್ಡ ರಾಜ್ಯಗಳ ಸಾಲಿನಲ್ಲಿ ನಿಂತು ಇವರ ದೊರೆಯೂ ‘ವಾಂಗ್’ ಎಂಬ ರಾಜಪದವಿ ಹಾಕಿಕೊಂಡ. ಇವನ ಸಮಕ್ಕೆ ನಾನೂ ರಾಜ ಅನ್ನಿಸಿಕೊಳ್ಳುವುದೇ ಅವಮಾನ ಎಂದು ಛೀ ದೊರೆ ಸಿಡುಕಿದ. ಇದ್ದೊಬ್ಬ ಬೆಂಬಲಿಗನೂ ದೂರವಾದ. ಸಾಲದ್ದಕ್ಕೆ, ಯೆನ್ ರಾಜ್ಯದಲ್ಲಿ ಒಳಜಗಳ ಎದ್ದಾಗ ನುಗ್ಗಿ ನೆಲ ಕಿತ್ತುಕೊಂಡರು. ಹಗೆ ಕಟ್ಟಿಕೊಳ್ಳಲು ಇನ್ನು ಯಾರು ಉಳಿದಿದ್ದರು?

ವಿರೋಧ

ಅಹಂಕಾರ ಇತ್ತು, ಇಲ್ಲ ಅನ್ನಲ್ಲ. ಆಗ ಯಾವ ದೊರೆಗೆ ಇರಲಿಲ್ಲ ಹೇಳಿ? ಮೊದಲು ನಕ್ಷೆ ನೋಡಿ. ಝಾವ್ ರಾಜಧಾನಿ ಹಾನ್‌ದಾನ್ ದಕ್ಷಿಣಕ್ಕೆ, ಅದರದ್ದೇ ದಾಯ್ ಸೀಮೆ ಉತ್ತರಕ್ಕೆ. ನಟ್ಟನಡುವೆ ಝೋಂಗ್‌ಶಾನ್. ಮನೆಯ ಅಡುಗೆಕೋಣೆಗೂ ಪಡಸಾಲೆಗೂ ನಡುವೆ ಬೇರೆಯವರ ಬಿಡಾರ ಇದ್ದ ಹಾಗೆ. ಇವರು ಎಷ್ಟು ತಗ್ಗಿ ಬಗ್ಗಿ ನಡೆದಿದ್ದರೂ ಝಾವ್ ಸುಮ್ನೆ ಬಿಡುತ್ತಿತ್ತೇ?

ಅಪಾಯ ಗೊತ್ತಿರಲಿಲ್ಲ ಅನ್ನುವುದೂ ತಪ್ಪು. 1970ರ ದಶಕದಲ್ಲಿ ಹೆಬೈನ ಪಿಂಗ್‌ಶಾನ್‌ನಲ್ಲಿ ಝೋಂಗ್‌ಶಾನ್ ದೊರೆ ತ್ಸುವೋನ ಸಮಾಧಿ ಅಗೆದರು. ಅಲ್ಲಿ ಕಬ್ಬಿಣದ ಕಾಲಿನ ಕಂಚಿನ ದೊಡ್ಡ ಪಾತ್ರೆ ಸಿಕ್ಕಿತು. ಮೈಮೇಲೆ 469 ಅಕ್ಷರ ಕೊರೆದಿದ್ದಾರೆ. ಆ ಬರಹದ ಕೊನೆಗೆ ಮಕ್ಕಳು ಮೊಮ್ಮಕ್ಕಳಿಗೆ ಎಚ್ಚರಿಕೆ ಇದೆ: ನೆರೆಯವರನ್ನು ನಂಬುವುದು ಕಷ್ಟ, ಹಗೆ ಪಕ್ಕದಲ್ಲೇ ಇದ್ದಾನೆ.

ಇವರನ್ನು ಮುರಿದದ್ದು ಝಾವ್ ದೊರೆ ವುಲಿಂಗ್‌ನ ಹೊಸ ಸೈನ್ಯ. ಗುಡ್ಡಗಾಡಿನಲ್ಲಿ ರಥ ಓಡುವುದಿಲ್ಲ. ಅದಕ್ಕೆ ಕ್ರಿ.ಪೂ. 307ರಲ್ಲಿ ಉದ್ದ ನಿಲುವಂಗಿ ಬಿಡಿಸಿ, ಅಲೆಮಾರಿಗಳ ಪೈಜಾಮ ತೊಡಿಸಿ, ಕುದುರೆ ಮೇಲಿಂದ ಬಾಣ ಬಿಡುವುದನ್ನು ಕಲಿಸಿದ. ಆಸ್ಥಾನದ ಹಿರಿಯರು ಮುಖ ಸಿಂಡರಿಸಿದರು. ಆತ ಕೇಳಲಿಲ್ಲ. ಝೋಂಗ್‌ಶಾನ್ ನಾಲ್ಕು ಪಟ್ಟಣ ಕೊಟ್ಟು ರಾಜಿಯನ್ನೂ ಬೇಡಿತು. ಅದು ಜಾಸ್ತಿ ದಿನ ಬಾಳಲಿಲ್ಲ. ಕ್ರಿ.ಪೂ. 296ರಲ್ಲಿ ರಾಜ್ಯ ಮುಗಿಯಿತು. ಕೊನೆಯ ದೊರೆಯನ್ನು ದೂರದ ಫೂಶಿಗೆ ಸಾಗಿಸಿದರು. ಹಾನ್‌ದಾನ್‌ನಿಂದ ದಾಯ್‌ಗೆ ದಾರಿ ತೆರೆಯಿತು.