ಆ 3 ಲಕ್ಷ ಕೋಟಿ ಸರ್ಕಾರ ಹಂಚಿದ ದುಡ್ಡಲ್ಲ

'ಕೊರೊನಾ ಟೈಮಲ್ಲಿ ಕೇಂದ್ರ ಸರ್ಕಾರ ಸಣ್ಣ ಉದ್ಯಮಗಳಿಗೆ 3 ಲಕ್ಷ ಕೋಟಿ ರೂಪಾಯಿ ಹಂಚಿತು' ಎಂಬ ಮಾತು ಓಡಾಡುತ್ತಿದೆ. ಹಂಚಿದ್ದಲ್ಲ, ಅದು ಸಾಲ. ಕೊಟ್ಟಿದ್ದು ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳು. ಸರ್ಕಾರ ಜಾಮೀನು ನಿಂತಿತು, ಅಷ್ಟೇ.

2020ರ ಮೇ 13ರಂದು ನಿರ್ಮಲಾ ಸೀತಾರಾಮನ್ ಘೋಷಿಸಿದ ಯೋಜನೆ ಇದು. ಫೆಬ್ರವರಿ 29ಕ್ಕೆ ಎಷ್ಟು ಸಾಲ ಬಾಕಿ ಇತ್ತೋ ಅದರ ಶೇ 20ರಷ್ಟು ಹೊಸ ಸಾಲ. ಪೀಣ್ಯದ ಒಂದು ಲೇತ್ ವರ್ಕ್‌ಶಾಪ್‌ಗೆ 10 ಲಕ್ಷ ಬಾಕಿ ಇತ್ತು ಅನ್ನಿ, ಸಿಗುತ್ತಿದ್ದುದು 2 ಲಕ್ಷ. ಮೊದಲ ವರ್ಷ ಅಸಲು ಕಟ್ಟಬೇಕಿರಲಿಲ್ಲ, ಬಡ್ಡಿ ಮಾತ್ರ ತಪ್ಪಲಿಲ್ಲ. ಬ್ಯಾಂಕಿನಲ್ಲಿ ಗರಿಷ್ಠ ಶೇ 9.25. ಒಟ್ಟು ಅವಧಿ 4 ವರ್ಷ. ಮೊದಲೇ ಸಾಲ ಮಾಡದೆ ಕೈದುಡ್ಡಲ್ಲಿ ನಡೆಸುತ್ತಿದ್ದವರಿಗೆ? ಏನೂ ಇಲ್ಲ. ವಿಚಿತ್ರ ಅಲ್ವಾ!

ಜಾಮೀನು ಇದ್ದದ್ದು ಬ್ಯಾಂಕಿಗೆ. ಸಾಲ ಮುಳುಗಿದರೆ ನಷ್ಟ ತುಂಬಿಕೊಡುವುದು ಸರ್ಕಾರ, ಹಾಗಂತ ಸಾಲಗಾರನ ಬಾಕಿ ಮನ್ನಾ ಆಗುವುದಿಲ್ಲ.

ಇದೇ ಗೊಂದಲದಲ್ಲಿ ಕೆಲವರು ರಾಜ್ಯದ 5,000 ರೂಪಾಯಿಯನ್ನೂ ಸಾಲ ಅಂತಿದ್ದಾರೆ. ಅಲ್ಲ. 2020ರ ಮೇ 6ರಂದು ಯಡಿಯೂರಪ್ಪ ಆಟೊ, ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಅಗಸರಿಗೆ ಘೋಷಿಸಿದ ಆ ಹಣ ಒಂದು ಸಲದ ನೆರವು. ವಾಪಸ್ ಕಟ್ಟುವ ಪ್ರಶ್ನೆಯೇ ಇಲ್ಲ.